ಬಾಗಿಲಿಗೆ ಬಂದ ಭಾರ



ಕಳೆದ ಆಷಾಢದಲ್ಲಿ ನನ್ನಿಂದ ಒಂದು ತಪ್ಪು ನಡೆದುಹೋಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಹತ್ತಿರ ಅಲ್ಲದೆ ಇನ್ನಾರ ಹತ್ತಿರ ಹೇಳಲಿ?

ನಮ್ಮ ಮನೆ ಸಕಲೇಶಪುರದಿಂದ ಒಳಗೆ, ಆಲೂರು ತಾಲ್ಲೂಕಿನ ಗಡಿಯ ಹತ್ತಿರ. ಬೆಳಗಾದರೆ ಅಕ್ಕಿ ರೊಟ್ಟಿ ಆಗಲೇಬೇಕು. ಆ ಮಳೆಯಲ್ಲಿ ಹಿಟ್ಟು ಮಾಡಿಸಲು ಮಿಲ್ಲಿಗೆ ಓಡಾಡಿ ಸಾಕಾಗಿತ್ತು. ಮಗಳು ಮೊಬೈಲಿನಲ್ಲಿ ಮನೆಯಲ್ಲೇ ಹಿಟ್ಟು ಬೀಸುವ ಪುಟ್ಟ ಗಿರಣಿ ತೋರಿಸಿದಳು. "ಮನೆ ಬಾಗಿಲಿಗೇ ತಂದುಕೊಡ್ತಾರಮ್ಮ, ಸಾಗಾಣಿಕೆ ಖರ್ಚೂ ಇಲ್ಲ" ಅಂದಳು. ತರಿಸಿಯೇಬಿಟ್ಟೆವು. ಬಣ್ಣ ನೋಡಿದೆ, ಬೆಲೆ ನೋಡಿದೆ, ಎಷ್ಟು ಕಂತು ಎಂದು ನೋಡಿದೆ. ತೂಕ ಎಷ್ಟೆಂದು ಮಾತ್ರ ನೋಡಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಫೋನು ಬಂತು. "ಅಕ್ಕಾ, ಗೂಡ್ಸ್ ಆಟೋ ಏರು ಹತ್ತುತಾ ಇಲ್ಲ, ಚಕ್ರ ಜಾರ್ತಾ ಇದೆ. ನಾನೊಬ್ಬನೇ ಇದೀನಿ. ಯಾರನ್ನಾದ್ರೂ ಕೆಳಕ್ಕೆ ಕಳಿಸ್ತೀರಾ?"

ಟಾರು ರಸ್ತೆಯಿಂದ ನಮ್ಮ ಮನೆಗೆ ಒಂದು ಫರ್ಲಾಂಗು ಮಣ್ಣು ದಾರಿ. ನಮ್ಮವರು ಪೇಟೆಗೆ ಹೋಗಿದ್ದರು, ಆಳುಗಳು ತೋಟದಲ್ಲಿದ್ದರು. ಕೂಗಿದ್ದರೆ ಬರುತ್ತಿದ್ದರು. ಆದರೆ ನಾನು ಏನಂದೆ ಗೊತ್ತೆ? "ಬಾಗಿಲಿಗೆ ತಂದುಕೊಡ್ತೀವಿ ಅಂತ ತಾನೇ ದುಡ್ಡು ಕಟ್ಟಿಸಿಕೊಂಡಿದ್ದು? ನೀವೇ ತನ್ನಿ."

ತಂದ. ಬೆನ್ನ ಮೇಲೆ ಹೊತ್ತು, ದಾರಿಯಲ್ಲಿ ಅಲ್ಲಲ್ಲಿ ಇಳಿಸಿ, ಮತ್ತೆ ಎತ್ತಿಕೊಂಡು ತಂದ. ಪೆಟ್ಟಿಗೆಯ ತಳವೆಲ್ಲ ಕೆಸರಾಗಿತ್ತು. ಅದಕ್ಕೂ ಒಂದು ಮಾತು ಅನ್ನಬೇಕು ಅಂತಿದ್ದೆ. ಅಷ್ಟರಲ್ಲಿ ಅತ್ತೆಯವರು ಕಾಫಿ ತಂದು ಅವನ ಕೈಗೆ ಕೊಟ್ಟರು. ಲೋಟ ಹಿಡಿಯಲು ಆಗದಷ್ಟು ಕೈ ನಡುಗುತ್ತಿತ್ತು. ಲೋಟವನ್ನು ಜಗಲಿಯ ಮೇಲಿಟ್ಟು, ಸೊಂಟ ಹಿಡಿದುಕೊಂಡು ಕೂತ. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ 44 ಕೆ.ಜಿ. ಎಂದು ಅಚ್ಚಾಗಿತ್ತು.

"ಇಂಥದ್ದಕ್ಕೆ ನಿಮಗೆ ಜಾಸ್ತಿ ಕೊಡ್ತಾರಾ?" ಎಂದು ಕೇಳಿದೆ. "ಪಾರ್ಸೆಲ್ ಲೆಕ್ಕ ಅಕ್ಕ. ಸೀರೆ ಪ್ಯಾಕೆಟಿಗೂ ಅಷ್ಟೇ, ಇದಕ್ಕೂ ಅಷ್ಟೇ" ಅಂದ. ವಾಪಸು ಒಯ್ದರೆ ಅದೂ ಇಲ್ಲವಂತೆ.

ಅವನು ಹೋದ ಮೇಲೆ ಅತ್ತೆಯವರು ಒಂದೇ ಮಾತು ಹೇಳಿದರು. "ನಮ್ಮ ಕಣದಲ್ಲಿ ಒಂದು ಕಾಫಿ ಮೂಟೆ ಎತ್ತಿಸೋಕೆ ಇಬ್ಬರನ್ನ ಕೂಗ್ತೀಯ. ಆ ಹುಡುಗ ಒಬ್ಬನೇ ಏರು ಹತ್ತಿ ತಂದವ್ನೆ ಕಣವ್ವ."

ಕಾಫಿ ಮೂಟೆ 50 ಕೆ.ಜಿ. ನಮ್ಮ ಆಳಿನ ಬೆನ್ನಿನ ಚಿಂತೆ ನನಗಿತ್ತು. ಬಾಗಿಲಿಗೆ ಬಂದವನ ಬೆನ್ನಿನ ಚಿಂತೆ ಇರಲಿಲ್ಲ.

44 ಕೆ.ಜಿ. ಎಂದರೆ ಎಷ್ಟು? ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸು 14.2 ಕೆ.ಜಿ., ಬರೀ ಸಿಲಿಂಡರಿನ ತೂಕ ಸುಮಾರು 15–16 ಕೆ.ಜಿ. ಒಟ್ಟು 30 ಕೆ.ಜಿ. ಅದನ್ನು ಒಬ್ಬರೇ ಎತ್ತಿ ನೋಡಿದ್ದೀರಲ್ಲ? ನನ್ನ ಗಿರಣಿ ಅದರ ಒಂದೂವರೆಯಷ್ಟು! ಗಂಡಸು ಒಬ್ಬನೇ ಹೊರುವ ಭಾರ 55 ಕೆ.ಜಿ. ದಾಟಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಅದು ಕೊನೆಯ ಮಿತಿ. ಕೆಸರಿನ ಏರಿನಲ್ಲಿ ದಿನವೆಲ್ಲ ಅಷ್ಟು ಹೊರಬಹುದು ಎಂದು ಅರ್ಥವಲ್ಲ.

ಹಿಂದಿನವರಿಗೆ ಇದೆಲ್ಲ ತಿಳಿದಿತ್ತು. ದಾರಿಬದಿಯಲ್ಲಿ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಅಡ್ಡ ಇಡುತ್ತಿದ್ದರು. ಅದೇ ಹೊರೆಗಲ್ಲು. ಹೊರೆ ಹೊತ್ತವನು ಬಗ್ಗದೆ ಅದರ ಮೇಲೆ ಭಾರ ಇಳಿಸಬಹುದು, ಸುಧಾರಿಸಿಕೊಂಡು ಯಾರ ಕೈಯೂ ಇಲ್ಲದೆ ಮತ್ತೆ ಹೊರಬಹುದು. ಹೊತ್ತು ನಡೆಯುವುದಕ್ಕಿಂತ ನೆಲದಿಂದ ಎತ್ತುವುದೇ ಸೊಂಟಕ್ಕೆ ಕೇಡು ಎಂಬುದು ಅವರಿಗೆ ಗೊತ್ತಿತ್ತು. ತಮಿಳು ಸೀಮೆಯಲ್ಲಿ ಇದನ್ನು ಸುಮೈತಾಂಗಿ ಅನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಅಲ್ಲಿ ಇಂಥ ಕಲ್ಲು ನಿಲ್ಲಿಸುವ ಪದ್ಧತಿ ಇತ್ತು. ಇಳಿಸಲಾಗದೆ ಹೋದ ಆ ತಾಯಿಯ ಭಾರ, ಯಾರೋ ದಾರಿಹೋಕ ತನ್ನ ಹೊರೆ ಇಳಿಸಿದಾಗ ಇಳಿಯಿತು ಎಂಬ ಭಾವನೆ. ಹೆಂಗಸರಾದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಕಾನೂನೂ ಈಗ ಕಣ್ಣು ತೆರೆದಿದೆ. ಆಪ್ ಮೂಲಕ ದುಡಿಯುವ ಇಂಥವರ ಕ್ಷೇಮಕ್ಕಾಗಿ ಕರ್ನಾಟಕದಲ್ಲಿ 2025ರಲ್ಲಿ ಕಾಯ್ದೆ ಬಂದಿದೆ. ಪ್ರತಿ ಕೆಲಸಕ್ಕೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಗಳು ಕ್ಷೇಮನಿಧಿಗೆ ಕಟ್ಟಬೇಕು. ಒಳ್ಳೆಯದೇ. ಆದರೆ ಕಾಯ್ದೆ ಬಂದಿತೆಂದು ನಮ್ಮ ಏರು ತಗ್ಗಾಗುವುದಿಲ್ಲವಲ್ಲ! ಅದಕ್ಕೆ ನಾವು ಮಾಡಬಹುದಾದ್ದು ಇಷ್ಟು:

1. ತರಿಸುವ ಮೊದಲು ತೂಕ ನೋಡಿ. ಅಕ್ಕಿ, ಗೊಬ್ಬರದಂಥವನ್ನು ಒಂದೇ ದೊಡ್ಡ ಮೂಟೆಯಾಗಿ ತರಿಸದೆ ಎರಡು ಮೂರು ಸಣ್ಣ ಚೀಲಗಳಾಗಿ ತರಿಸಿ.

2. ಗಾಡಿ ಎಲ್ಲಿವರೆಗೆ ಬರುತ್ತದೆ ಎಂದು ನಿಜ ಹೇಳಿ. "ಇಲ್ಲೇ ಹತ್ತಿರ, ಬನ್ನಿ" ಅನ್ನಬೇಡಿ. ಮಳೆಗಾಲದಲ್ಲಂತೂ ಟಾರು ರಸ್ತೆಯಲ್ಲೇ ಇಳಿಸಿಕೊಳ್ಳುವ ಏರ್ಪಾಡು ಮಾಡಿ.

3. ಫೋನು ಬಂದ ಕೂಡಲೇ ಒಬ್ಬರನ್ನು ಕೆಳಗೆ ಕಳಿಸಿ. ಇಬ್ಬರು ಹಿಡಿದರೆ ಅರ್ಧ ಕಷ್ಟ. ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ ಕೂತು, ಭಾರವನ್ನು ಮೈಗೆ ಒತ್ತಿ ಹಿಡಿದು ಏಳಬೇಕು. ಈ ಮಾತು ನೀರಿನ ಕೊಡ ಎತ್ತುವ ನಮಗೂ ಸೇರಿತು.

4. ಗೊಬ್ಬರದ ಕೈಗಾಡಿ ಇದ್ದರೆ ಗೇಟಿನ ಹತ್ತಿರ ಇಟ್ಟಿರಿ.

5. ಹೊತ್ತು ಮುಳುಗುವ ಮುಂಚೆ ಅವರನ್ನು ಕಳಿಸಿಕೊಡಿ. ನಮ್ಮ ಸೀಮೆಯ ಆನೆ ಭಯ ನಿಮಗೆ ಗೊತ್ತೇ ಇದೆ. ತೋಟದ ಓಣಿಯಲ್ಲಿ ಆನೆ ಎದುರಾದರೆ ಭಾರ ಹೇರಿದ ಗಾಡಿಯನ್ನು ತಟ್ಟನೆ ತಿರುಗಿಸಲೂ ಆಗದು. ಆನೆ ಬಂದಿರುವ ಸುದ್ದಿ ನಿಮ್ಮ ಕಿವಿಗೆ ಬಿದ್ದಿದ್ದರೆ ಮೊದಲೇ ಫೋನು ಮಾಡಿ, "ಇವತ್ತು ಬೇಡ, ನಾಳೆ ಬನ್ನಿ" ಅನ್ನಿ.

6. ಮೊದಲು ನೀರು, ಆಮೇಲೆ ಒ.ಟಿ.ಪಿ. ಕೈಲಾದರೆ ಮೇಲೊಂದಿಷ್ಟು ಕಾಸು.

ಯುಗಾದಿಗೆ ಮುಂಚೆ ನಮ್ಮವರು ಗೇಟಿನ ಪಕ್ಕ ಎರಡು ಕಲ್ಲು ನಿಲ್ಲಿಸಿ, ಹಳೆಯ ಕೊಟ್ಟಿಗೆಯ ಚಪ್ಪಡಿಯೊಂದನ್ನು ಮೇಲಿಡಿಸಿದರು. ಎದೆಯೆತ್ತರ ಇದೆ. ಗ್ಯಾಸಿನವರು, ಕೊರಿಯರಿನವರು, ಸೌದೆ ಹೊತ್ತು ಬರುವ ಹೆಂಗಸರು ಎಲ್ಲರೂ ಅಲ್ಲಿ ಇಳಿಸಿ ಉಸಿರು ಬಿಡುತ್ತಾರೆ.

ಆ ಹುಡುಗ ಮಾತ್ರ ಮತ್ತೆ ಬರಲಿಲ್ಲ. ಈ ದಾರಿಗೆ ಈಗ ಬೇರೊಬ್ಬ ಬರುತ್ತಾನೆ. ಮೊದಲಿನವನೆಲ್ಲಿ ಎಂದು ಕೇಳಿದರೆ, "ಸೊಂಟ ನೋವು ಅಂತ ಕೆಲಸ ಬಿಟ್ಟ ಅಕ್ಕ" ಅಂದ. ನನ್ನ ಗಿರಣಿಯಿಂದಲೇ ಆಯಿತೋ, ಇನ್ನೆಷ್ಟು ಮನೆಯ ಭಾರ ಸೇರಿ ಆಯಿತೋ. ದಿನಾ ಬೆಳಿಗ್ಗೆ ಹಿಟ್ಟು ಬೀಸುವಾಗ ಆ ನಡುಗುವ ಕೈ ನೆನಪಾಗುತ್ತದೆ.

ನಿಮ್ಮ ಬಾಗಿಲಿಗೆ ಮುಂದಿನ ಪೆಟ್ಟಿಗೆ ಬಂದಾಗ ನೀವಾದರೂ ಒಂದು ಕೈ ಕೊಡುತ್ತೀರಲ್ಲವೇ?