ಅಮೆರಿಕದಲ್ಲಿಯೂ ಊರುಗಳು ಮುಳುಗಿವೆ



ಅಮೆರಿಕಕ್ಕೆ ಹೋಗಿ ಬಂದವನನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಕೇಳುವ ಮೊದಲನೆಯ ಪ್ರಶ್ನೆ, 'ಅಲ್ಲಿ ಒಬ್ಬೊಬ್ಬಗ ಎಷ್ಟ ಎಕರೆ ಹೊಲ ಇರತೈತ್ರಿ ಸಾಹೇಬ್ರ?' ಎಂಬುದು. ಎರಡನೆಯದು, 'ಜ್ವಾಳದ ರೊಟ್ಟಿ ಸಿಗತಾವೇನ್ರಿ?' ಎಂಬುದು. ಮೊದಲನೆಯದಕ್ಕೆ ಉತ್ತರ, ಅಲ್ಲಿಯ 2022ರ ಕೃಷಿ ಗಣತಿಯಂತೆ ಸರಾಸರಿ 463 ಎಕರೆ. ಎರಡನೆಯದಕ್ಕೆ ಉತ್ತರ, ಜೋಳ ಬೇಕಾದಷ್ಟು ಬೆಳೆಯುತ್ತಾರೆ, ಆದರೆ ಬಹುಪಾಲು ದನ-ಕೋಳಿಗಳ ಹೊಟ್ಟೆಗೆ ಹೋಗುತ್ತದೆ. ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಅನಗವಾಡಿಯವರೂ ಘಟಪ್ರಭೆ-ಕೃಷ್ಣೆಯರ ದಂಡೆಯ ಉಳಿದ ಊರುಗಳವರೂ ಕೇಳಬೇಕಾಗಿತ್ತು, ಯಾರೂ ಕೇಳಲಿಲ್ಲ. ಅಲ್ಲಿಯೂ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರುಗಳು ಮುಳುಗಿವೆಯೇ? ಮುಳುಗಿದ್ದರೆ ಆ ಜನ ಏನಾದರು?

ಮುಳುಗಿವೆ. ಆ ಜನ ಏನಾದರೆಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ನನ್ನ ಹೆಂಡತಿಯ ತಮ್ಮ ಅಟ್ಲಾಂಟಾ ನಗರದಲ್ಲಿ ನೌಕರಿಯಲ್ಲಿದ್ದಾನೆ. ಒಂದು ತಿಂಗಳ ರಜೆ ಹಾಕಿ ಅವನಲ್ಲಿಗೆ ಹೋದೆವು. ನಗರಗಳ ವಿಷಯ ಹೇಳುವಂಥದ್ದೇನಿಲ್ಲ. ಎತ್ತರದ ಕಟ್ಟಡ, ಅಗಲವಾದ ರಸ್ತೆ, ನಡೆದು ಹೋಗುವವನಿಗೆ ಮಾತ್ರ ಜಾಗವಿಲ್ಲ. ಅಮೆರಿಕದ ಪ್ರವಾಸ ಕಥನ ಬೇಕಾದವರು ನಿಮ್ಮೂರ ವಾಚನಾಲಯದಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಇದ್ದರೆ ತೆಗೆದು ಓದಿರಿ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕ ಅದು. ಆ ಗೊರೂರಿನ ಹತ್ತಿರವೇ ಹೇಮಾವತಿಗೆ ಅಣೆಕಟ್ಟೆ ಕಟ್ಟಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚು ಹಿನ್ನೀರಿಗೆ ಸಿಕ್ಕಿತು. ಇಂದು ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಒಬ್ಬರ ಮುಳುಗಡೆ ಇನ್ನೊಬ್ಬರಿಗೆ ನೋಟವಾಗುವುದು ಅಮೆರಿಕದಲ್ಲಷ್ಟೇ ಅಲ್ಲ.

ಅಟ್ಲಾಂಟಾದಿಂದ ಉತ್ತರಕ್ಕೆ ಕಾರಿನಲ್ಲಿ ಕೆಲವು ತಾಸು ಹೋದರೆ ಗುಡ್ಡಗಾಡು ಆರಂಭವಾಗುತ್ತದೆ. ಅಲ್ಲಿ ಬ್ರೈಸನ್ ಸಿಟಿ ಎಂಬ ಊರು. ಹೆಸರು ಸಿಟಿ, ಜನ ಒಂದೂವರೆ ಸಾವಿರದಷ್ಟು. ಒಂದೇ ದೊಡ್ಡ ಬೀದಿ, ಒಂದು ಕೋರ್ಟು, ಊರ ನಡುವೆ ಹೊಳೆ. ನಮ್ಮ ಖಾತೆಯಂಥ ವಿಸ್ತರಣಾ ಕಚೇರಿ ಅಲ್ಲಿ ಪ್ರತಿ ಕೌಂಟಿಗೂ ಇರುತ್ತದೆ. ಅದಕ್ಕೆ ಬುನಾದಿ 1914ರ ಸ್ಮಿತ್-ಲೀವರ್ ಕಾಯದೆ. ಮೇಜಿನ ಮೇಲೆ ಮಣ್ಣಿನ ಮಾದರಿ ತುಂಬಿಕೊಡಲು ಕಾಗದದ ಚಿಕ್ಕ ಡಬ್ಬಿಗಳನ್ನು ಇಟ್ಟಿರುತ್ತಾರೆ. ರೈತ ಬಂದು ಕೇಳದೆಯೇ ಒಂದನ್ನು ಎತ್ತಿಕೊಂಡು ಹೋಗುತ್ತಾನೆ. ನಮ್ಮಲ್ಲಿ ನಾನು ಮನೆ ಮನೆಗೆ ಹೋಗಿ ಕೊಟ್ಟ ಚೀಲಗಳಲ್ಲಿ ಎಷ್ಟರಲ್ಲಿ ಮಣ್ಣು ಬಂತು, ಎಷ್ಟರಲ್ಲಿ ಮೆಣಸಿನಕಾಯಿ ಬೀಜ ಕಟ್ಟಿಟ್ಟರು ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಆ ಊರಿನ ಪಕ್ಕದಲ್ಲಿಯೇ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ. ವರ್ಷಕ್ಕೆ 1 ಕೋಟಿ 20 ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರೆ. ಅಮೆರಿಕದ ಬೇರೆ ಯಾವ ರಾಷ್ಟ್ರೀಯ ಉದ್ಯಾನಕ್ಕೂ ಅಷ್ಟು ಜನ ಹೋಗುವುದಿಲ್ಲ. ಆದರೆ 1872ರಲ್ಲಿ ಮಾಡಿದ ಮೊದಲನೆಯ ಉದ್ಯಾನ ಯೆಲ್ಲೋಸ್ಟೋನ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅದು ಬಹುಮಟ್ಟಿಗೆ ಸರಕಾರದ ಭೂಮಿಯಲ್ಲಿ ಆಯಿತು, ಇದು ರೈತರ ಹೊಲ-ಮನೆಗಳ ಮೇಲೆ ಆಯಿತು. ಎರಡು ರಾಜ್ಯ ಸರಕಾರಗಳು ಹಣ ಕೂಡಿಸಿದವು, ಶಾಲೆಯ ಮಕ್ಕಳಿಂದಲೂ ಬಿಡಿಕಾಸು ಎತ್ತಿದರು, ರಾಕ್‌ಫೆಲರ್ ಎಂಬ ಸಾಹುಕಾರ 50 ಲಕ್ಷ ಡಾಲರು ದಾನ ಕೊಟ್ಟ. ಒಕ್ಕಲುಗಳನ್ನು ಒಂದೊಂದಾಗಿ ಎಬ್ಬಿಸಿದರು. 1934ರಲ್ಲಿ ಉದ್ಯಾನ ಸ್ಥಾಪನೆಯಾಯಿತು. ಆ ಒಕ್ಕಲುಗಳೂ ಮೂಲದವರಲ್ಲ. ಅವರಿಗಿಂತ ಮೊದಲು ಅಲ್ಲಿ ಚೆರೋಕಿ ಎಂಬ ಮೂಲನಿವಾಸಿಗಳಿದ್ದರು. 1838ರಲ್ಲಿ ಸೈನ್ಯವನ್ನು ಕಳಿಸಿ ಅವರಲ್ಲಿ ಬಹುಪಾಲು ಜನರನ್ನು ನೂರಾರು ಮೈಲಿ ದೂರ ಓಡಿಸಿದ್ದರು. ಉದ್ಯಾನದ ಅತಿ ಎತ್ತರದ ಶಿಖರಕ್ಕೆ 2024ರಲ್ಲಷ್ಟೇ ಅವರ ಭಾಷೆಯ 'ಕುವೋಹಿ' ಎಂಬ ಹೆಸರನ್ನು ಮರಳಿ ಕೊಟ್ಟಿದ್ದಾರೆ.

ಕೇಡ್ಸ್ ಕೋವ್ ಎಂಬ ಬಯಲನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಸುತ್ತಲೂ ಬೆಟ್ಟ, ನಡುವೆ ತಟ್ಟೆಯಂತೆ ಸಮತಟ್ಟಾದ ಹೊಲ, ಹಳೆಯ ಮನೆ, ಹಿಟ್ಟಿನ ಗಿರಣಿ, ಗುಡಿಗಳು. ಎಲ್ಲವನ್ನೂ ಚೊಕ್ಕಟವಾಗಿ ಕಾಯ್ದಿದ್ದಾರೆ. ಒಕ್ಕಲು ಮಾತ್ರ ಒಂದೂ ಇಲ್ಲ. ಅಲ್ಲಿಯ ಜಾನ್ ಆಲಿವರ್ ಎಂಬ ರೈತ ಹಲವು ವರ್ಷ ಕೋರ್ಟಿನಲ್ಲಿ ಬಡಿದಾಡಿದ. ಬೆಲೆ ಹೆಚ್ಚು ಸಿಕ್ಕಿತು, ಭೂಮಿ ಉಳಿಯಲಿಲ್ಲ. 1937ರಲ್ಲಿ ಊರು ಬಿಟ್ಟ. ಇನ್ನೊಂದು ಕಡೆ ವಾಕರ್ ಮನೆತನದ ಐವರು ಅಕ್ಕ-ತಂಗಿಯರು ಹೊಲವನ್ನು 4,750 ಡಾಲರಿಗೆ ಕೊಟ್ಟು, ತಾವು ಬದುಕಿರುವ ತನಕ ಅದೇ ಮನೆಯಲ್ಲಿರುವ ಹಕ್ಕನ್ನು ಬರೆಸಿಕೊಂಡರು. ಕೊನೆಯವಳು 1964ರಲ್ಲಿ ತೀರಿಕೊಂಡಳು, ಅಲ್ಲಿಯ ತನಕ ಆ ಮನೆಯಿಂದ ಯಾರೂ ಅವರನ್ನು ಎಬ್ಬಿಸಲಿಲ್ಲ. ಬರೆಸಿಕೊಂಡಿದ್ದರು, ಆದ್ದರಿಂದ ಸಿಕ್ಕಿತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ. 1933ರಲ್ಲಿ ಟೆನೆಸ್ಸೀ ಕಣಿವೆ ಪ್ರಾಧಿಕಾರವಾಯಿತು. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿ ಅದೇ. ಅದರ ಮೊದಲ ಅಣೆಕಟ್ಟೆ ನಾರಿಸ್ 1936ರಲ್ಲಿ ಮುಗಿಯಿತು, ಲಾಯ್ಸ್ಟನ್ ಎಂಬ ಊರು ಪೂರ್ತಿ ಮುಳುಗಿತು. ಐದು ಸಾವಿರದಷ್ಟು ಗೋರಿಗಳನ್ನು ತೆಗೆದು ಬೇರೆಡೆಗೆ ಸಾಗಿಸಿದರು. ಹೊಲದ ಒಡೆಯರಿಗೆ ರೊಕ್ಕ ಕೊಟ್ಟರು, ಲಾವಣಿಗೆ ಮಾಡುತ್ತಿದ್ದವರಿಗೆ ಭೂಮಿಯ ಬೆಲೆಯಲ್ಲಿ ಪಾಲಿರಲಿಲ್ಲ. ಅವರು ಬರಿಗೈಯಲ್ಲಿ ಎದ್ದರು.

ಮುಂದೆ ಮಹಾಯುದ್ಧದ ಕಾಲದಲ್ಲಿ, 1942ರಿಂದ 1944ರ ಒಳಗೆ, ಬ್ರೈಸನ್ ಸಿಟಿಯ ಕೆಳಗೆ ಫೊಂಟಾನಾ ಅಣೆಕಟ್ಟೆ ಎದ್ದಿತು. ಎತ್ತರ 480 ಅಡಿ. ಸಾವಿರಕ್ಕೂ ಹೆಚ್ಚು ಕುಟುಂಬಗಳು ಊರು ಬಿಟ್ಟವು. ಜಡ್ಸನ್, ಬುಶ್ನೆಲ್, ಪ್ರಾಕ್ಟರ್ ಎಂಬ ಊರುಗಳ ಹೆಸರುಗಳು ಇಂದು ನಕಾಶೆಯಲ್ಲಷ್ಟೇ. ಹೊಳೆಯ ಉತ್ತರದ ದಂಡೆಯಲ್ಲಿ ಎಷ್ಟೋ ಹೊಲಗಳು ಮುಳುಗಲೇ ಇಲ್ಲ. ಆದರೆ ಅಲ್ಲಿಗೆ ಹೋಗುವ ರಸ್ತೆ ಮುಳುಗಿತು. ಯುದ್ಧಕಾಲದಲ್ಲಿ ಹೊಸ ರಸ್ತೆ ಮಾಡುವುದಾಗದು ಎಂದು ಆ ಸುಮಾರು 44 ಸಾವಿರ ಎಕರೆಯನ್ನೂ ತೆಗೆದುಕೊಂಡು ಉದ್ಯಾನಕ್ಕೆ ಸೇರಿಸಿದರು. ಜನ ಕೇಳಿದ್ದು ಒಂದೇ: 'ನಮ್ಮ ಹಿರಿಯರ ಗೋರಿಗಳು ಅಲ್ಲಿಯೇ ಉಳಿದವು. ಅಲ್ಲಿಗೆ ಹೋಗಲು ದಾರಿ ಬೇಕು.' 1943ರಲ್ಲಿ ಒಪ್ಪಂದವಾಯಿತು. ಯುದ್ಧ ಮುಗಿದ ಮೇಲೆ ರಸ್ತೆ ಮಾಡಿಕೊಡುವುದಾಗಿ ಕೇಂದ್ರ ಸರಕಾರದ ಇಲಾಖೆ ಬರೆದುಕೊಟ್ಟಿತು.

ಹಣ ಮಂಜೂರಾದರೆ ಎಂಬ ಒಂದು ಮಾತೂ ಅದರಲ್ಲಿತ್ತು. ಆ ರಸ್ತೆಯನ್ನು ನಾನು ನೋಡಿದೆ. ಏಳು ಮೈಲಿಯಷ್ಟು ಹೋಗಿ, ಒಂದು ಸುರಂಗ ದಾಟಿ, ಕಾಡಿನ ಕಾಲುದಾರಿಯಲ್ಲಿ ಮುಗಿದುಹೋಗುತ್ತದೆ. ಸುರಂಗ ಸುಮಾರು 1,200 ಅಡಿ ಉದ್ದ. ಒಳಗೆ ದೀಪವಿಲ್ಲ. 1970ರ ಸುಮಾರಿಗೆ ಕೆಲಸ ನಿಂತಿತು. ಅಗೆದ ಬಂಡೆಯಿಂದ ಆಮ್ಲ ಇಳಿದು ಹಳ್ಳಗಳ ನೀರು ಕೆಡುತ್ತದೆ ಎಂಬುದು ಕಾರಣ. ಊರಿನವರು ಇದಕ್ಕಿಟ್ಟ ಹೆಸರು 'ಎಲ್ಲಿಗೂ ಹೋಗದ ದಾರಿ'. ಕೊಟ್ಟ ಮಾತು ಮುರಿದ ಸರಕಾರವೆಂದು ಬೀದಿಯಲ್ಲಿ ಫಲಕವನ್ನೇ ನಿಲ್ಲಿಸಿದ್ದರು.

ನಮ್ಮಲ್ಲಿ ಹಲವರಿಗೆ ಒಂದು ನಂಬಿಕೆ ಇದೆ. ಪರದೇಶದ ಸರಕಾರವೆಂದರೆ ಧರ್ಮರಾಯ, ಹೇಳಿದ್ದನ್ನು ಮಾಡುತ್ತದೆ, ಮೋಸವೆಲ್ಲ ನಮ್ಮ ಕಚೇರಿಗಳಲ್ಲೇ ಎಂದು. ಹಾಗೇನಿಲ್ಲ. ಆದರೆ ಆ ಜನ ಕಾಗದವನ್ನು ಕಳೆದುಕೊಳ್ಳಲಿಲ್ಲ. ಅಪ್ಪ ಸತ್ತರೆ ಮಗ, ಮಗ ಸತ್ತರೆ ಮೊಮ್ಮಗ ಅದೇ ಕಾಗದವನ್ನು ಹಿಡಿದುಕೊಂಡು ಕೇಳುತ್ತ ಹೋದ. 2010ರಲ್ಲಿ, ಅಂದರೆ 67 ವರ್ಷಗಳ ನಂತರ, ರಸ್ತೆಗೆ ಬದಲಾಗಿ ಆ ಕೌಂಟಿಗೆ 5 ಕೋಟಿ 20 ಲಕ್ಷ ಡಾಲರು ಕೊಡುವುದೆಂದು ಒಪ್ಪಂದವಾಯಿತು. ಅದರ ಕೊನೆಯ ಕಂತು 2018ರಲ್ಲಿ ಬಂತು. ರಸ್ತೆಯೇ ಬೇಕಿತ್ತೆಂದು ಹಣ ಬೇಡವೆಂದವರೂ ಅಲ್ಲಿದ್ದರು. ಗೋರಿಗಳಿಗೆ ಹೋಗಲು ಬೇಸಿಗೆಯಲ್ಲಿ ಉದ್ಯಾನದವರೇ ದೋಣಿ ಬಿಡುತ್ತಾರೆ. ಮುದುಕರು, ಮಕ್ಕಳು, ಬುತ್ತಿಯ ಗಂಟು, ಹೂವು ಎಲ್ಲ ಒಂದೇ ದೋಣಿಯಲ್ಲಿ. ಗೋರಿಯ ಸುತ್ತ ಹುಲ್ಲು ಕಿತ್ತು, ಹೂವೇರಿಸಿ, ಎಲ್ಲರೂ ಕೂಡಿ ಉಣ್ಣುತ್ತಾರೆ.

ಈ ಊಟದ ಮಾತು ನಿಮಗೆ ಪರಕೀಯವಲ್ಲ. ಹೊಲದ ಬದುವಿನಲ್ಲಿಯೇ ಹಿರಿಯರನ್ನು ಮಣ್ಣು ಮಾಡುವ ಪದ್ಧತಿ ನಮ್ಮಲ್ಲಿಯೂ ಇದೆ. ಹಬ್ಬಕ್ಕೆ ಗದ್ದುಗೆಗೆ ಎಡೆ ಹಿಡಿಯುತ್ತೇವೆ. ಆಲಮಟ್ಟಿ ತುಂಬಿದಾಗ ಅನಗವಾಡಿ ಸೇತುವೆಯ ಮೇಲೆ ನಿಂತು ಘಟಪ್ರಭೆಯ ಮೇಲೂ ಕೆಳಗೂ ನೋಡಿರಿ. ನೀರಿನ ಕೆಳಗೆ ಯಾರ ಯಾರ ಹೊಲವಿತ್ತು, ಯಾವ ಹನಮಪ್ಪನ ಗುಡಿಯಿತ್ತು ಎಂದು ಬೆರಳು ಮಾಡಿ ತೋರಿಸುವ ಹಿರಿಯರು ಇನ್ನೂ ಇದ್ದಾರೆ. ಬರೆದಿಟ್ಟವರು ಮಾತ್ರ ಬಹಳ ಕಡಿಮೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣವಿದೆ. 1964ರಲ್ಲಿ ಅಡಿಗಲ್ಲಾದ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವುದು 519.60 ಮೀಟರಿಗೆ. ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರ ಡಿಸೆಂಬರಿನಲ್ಲಿ 524.256 ಮೀಟರಿನವರೆಗೆ ಏರಿಸಲು ಒಪ್ಪಿತು. ಅಂದರೆ ಹೆಚ್ಚುಕಡಿಮೆ 15 ಅಡಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ರೂಪಾಯಿ ಎಂದು ನಿಶ್ಚಯಿಸಿತು. ಅಂದಿನಿಂದ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ದರದ ಮಾತೇ. ದರ ಬೇಕು, ಬೇಡವೆನ್ನುವುದಿಲ್ಲ. ಆದರೆ ದರವೊಂದನ್ನೇ ಕೇಳಿದವರಿಗೆ ದರವೊಂದೇ ಸಿಗುತ್ತದೆ ಎಂಬುದನ್ನು ಆ ಗುಡ್ಡಗಾಡಿನಲ್ಲಿ ಕಂಡು ಬಂದಿದ್ದೇನೆ.

ಆದ್ದರಿಂದ ನೋಟೀಸು ಬರುವ ಮೊದಲೇ ಊರವರು ಕೂಡಿ ಕುಳಿತು ಬರೆಯಿರಿ. ಯಾವ ಸರ್ವೆ ನಂಬರಿನಲ್ಲಿ ಯಾರ ಗದ್ದುಗೆ ಇದೆ, ಗುಡಿ ಯಾವುದು, ಯಾವ ಬಾವಿ, ಯಾವ ಬಂಡಿದಾರಿ. ಮುಳುಗದೆ ಉಳಿಯುವ ಹೊಲಕ್ಕೆ ದಾರಿ ಮುಳುಗುವುದಾದರೆ ಅದನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಉತಾರದಲ್ಲಿ ಹೆಸರಿಲ್ಲದೆ ಪಾಲಿಗೆ ಮಾಡುವವರ, ಕೂಲಿ ಮಾಡುವವರ ಹೆಸರನ್ನೂ ಅದೇ ಪಟ್ಟಿಗೆ ಸೇರಿಸಿರಿ. ಅವರನ್ನು ಬಿಟ್ಟು ಒಡೆಯರಷ್ಟೇ ಅರ್ಜಿ ಕೊಟ್ಟರೆ ಅರ್ಧ ಊರು ನಾರಿಸ್‌ನ ಲಾವಣಿದಾರರಂತೆ ಬರಿಗೈಯಲ್ಲಿ ಹೋಗುತ್ತದೆ. ಪುನರ್ವಸತಿ ಕೇಂದ್ರಕ್ಕೆ ಸೆಕ್ಟರ್ ನಂಬರಿನ ಜೊತೆಗೆ ಊರಿನ ಹೆಸರೂ ಇರಲಿ ಎಂದು ಕೇಳಿರಿ. ಚೆರೋಕಿಗಳಿಗೆ ಒಂದು ಹೆಸರು ಮರಳಿ ಬರಲು ಎಷ್ಟು ಕಾಲ ಹಿಡಿಯಿತು, ಲೆಕ್ಕ ಹಾಕಿ. ಇದೆಲ್ಲ ನಮ್ಮಿಂದ ಆಗುವುದೇ ಎಂದು ಕೇಳುವವರಿಗೆ ಜಮಖಂಡಿ ಕಡೆಗೆ ನೋಡಿ ಎನ್ನುತ್ತೇನೆ. ಸಿದ್ದು ನ್ಯಾಮಗೌಡರೊಂದಿಗೆ ಸೇರಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ಇದೇ ಸೀಮೆಯಲ್ಲಿ. ಒಂದು ಪಟ್ಟಿ ಬರೆಯುವುದು ಅದಕ್ಕಿಂತ ಕಷ್ಟವೇ?

ಇನ್ನು ರೊಕ್ಕದ ವಿಷಯ. ಇದರಲ್ಲಿ ನಾನು ಬಿರುಸಾಗಿಯೇ ಮಾತಾಡುತ್ತೇನೆ. ಹಿಂದಿನ ಮುಳುಗಡೆಯ ಪರಿಹಾರ ಬಂದ ಮನೆಗಳನ್ನು ಕಂಡಿದ್ದೇನೆ. ಮೊದಲು ಮೋಟಾರ್ ಸೈಕಲ್ಲು, ಆಮೇಲೆ ಮದುವೆ, ಆಮೇಲೆ ಅಟ್ಟದ ಮನೆ, ಆಮೇಲೆ ಅದೇ ಮನೆಯ ಮಗ ಗೋವೆಗೆ ದುಡಿಯಲು. ಬ್ರೈಸನ್ ಸಿಟಿಯ ಕೌಂಟಿಗೆ ಬಂದ ಆ ಹಣ ಕೌಂಟಿಯ ಕೈಗೇ ಬರಲಿಲ್ಲ. ರಾಜ್ಯದ ಖಜಾನೆಯಲ್ಲಿ ಇಡುಗಂಟಾಗಿದೆ, ಬಡ್ಡಿ ಮಾತ್ರ ಸಿಗುತ್ತದೆ. ಅಸಲು ಮುಟ್ಟಬೇಕಾದರೆ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಒಂದು ಮನೆಗೂ ಇಂಥ ಕಟ್ಟು ಹಾಕಿಕೊಳ್ಳಲು ಬರುತ್ತದೆ. ಎರಡು ಎಕರೆ ನೀರಾವರಿ ಹೋಯಿತೆನ್ನಿ, 80 ಲಕ್ಷ. ನಾಲ್ವರ ನಡುವೆ ವಾಟಣಿಯಾದರೆ ತಲೆಗೆ 20 ಲಕ್ಷ. ನಾಲ್ವರು ಎಂದಾಗ ಅಕ್ಕ-ತಂಗಿಯರನ್ನೂ ಎಣಿಸಿರಿ, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲಿದೆ. ಆ 20 ಲಕ್ಷವನ್ನು ಗಂಡ-ಹೆಂಡತಿ ಇಬ್ಬರ ಸಹಿ ಬೇಕಾಗುವ ಠೇವಣಿಯಲ್ಲಿಟ್ಟರೆ ನೂರಕ್ಕೆ ಆರರಂತೆ ಹಿಡಿದರೂ ವರ್ಷಕ್ಕೆ 1 ಲಕ್ಷ 20 ಸಾವಿರ ಬಡ್ಡಿ. ಅಸಲು ಅಲ್ಲಿಯೇ ಇರುತ್ತದೆ.

ಬೇರೆ ಕಡೆ ಹೊಲ ಕೊಳ್ಳುವವರು ಮಾರುವವನ ಮಾತು ಕೇಳಿ ಸಂಚಕಾರ ಕೊಡಬೇಡಿ. ಹೊಲದ ಮೂರು ಕಡೆ ಮೂರು ಅಡಿ ಆಳ ಅಗೆಸಿ ನೋಡಿರಿ. ಕೆಳಗೆ ಸುಣ್ಣದ ಹರಳು ಗಟ್ಟಿಯಾಗಿ ಕೂತಿದೆಯೇ, ಬೇಸಿಗೆಯಲ್ಲಿ ಮೇಲೆ ಬಿಳಿ ಉಪ್ಪು ಏಳುತ್ತದೆಯೇ, ಮಳೆಗಾಲದಲ್ಲಿ ಜವುಳು ಹಿಡಿಯುತ್ತದೆಯೇ ಎಂದು ನೆರೆಹೊಲದವನನ್ನು ಕೇಳಿರಿ. ಮಣ್ಣನ್ನೂ ಕೊಳವೆಬಾವಿಯ ನೀರನ್ನೂ ಎರಡನ್ನೂ ಪರೀಕ್ಷೆ ಮಾಡಿಸಿರಿ. ನೀರೇ ಸವುಳಾಗಿದ್ದರೆ ಒಳ್ಳೆಯ ಮಣ್ಣೂ ಕೆಲವೇ ವರ್ಷಗಳಲ್ಲಿ ಕೆಡುತ್ತದೆ. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ ಮಾಡಿ ಬೆಳೆದ ಕೈಗೆ ಮಸಾರಿ ಹೊಲದ ಹದ ಗೊತ್ತಾಗಲು ನಾಲ್ಕು ಮಳೆಗಾಲವಾದರೂ ಬೇಕು. ಅಷ್ಟು ದಿನ ಮನೆ ನಡೆಸುವುದು ಆ ಬಡ್ಡಿಯ ಹಣದಿಂದಲೇ. ಮಣ್ಣಿನ ಮಾದರಿಯ ಚೀಲಗಳು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಸಿಗುತ್ತವೆ. ಮಾದರಿ ತೆಗೆಯುವಾಗ ಗೊಬ್ಬರದ ತಿಪ್ಪೆಯ ಹತ್ತಿರದ ಮಣ್ಣನ್ನೂ ಬದುವಿನ ಮಣ್ಣನ್ನೂ ತರಬೇಡಿ.