ಕಾಸರವಳ್ಳಿಯವರ ಕತ್ತಲನ್ನು ಉಳಿಸಿಕೊಳ್ಳೋದು ಹೇಗೆ?

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಹಾಸ್ಟೆಲ್ ರೂಮಲ್ಲಿ ಐದು ಜನ ಒಂದು ಲ್ಯಾಪ್‌ಟಾಪ್ ಮುಂದೆ ಕೂತು ‘ಘಟಶ್ರಾದ್ಧ’ ನೋಡಿದ್ವಿ. ಯಾರೋ ಪೆನ್‌ಡ್ರೈವ್‌ನಲ್ಲಿ ತಂದಿದ್ದ ಕಾಪಿ. ರಾತ್ರಿ ದೃಶ್ಯ ಬಂತು ಅಂದ್ರೆ ಪರದೆ ತುಂಬಾ ಕಪ್ಪು ಚೌಕಗಳ ಕುಣಿತ, ಯಾರು ಯಾರ ಜೊತೆ ಮಾತಾಡ್ತಿದ್ದಾರೆ ಅಂತಲೂ ಗೊತ್ತಾಗಲ್ಲ. ನಲವತ್ತು ನಿಮಿಷಕ್ಕೆ ಮೂವರು ಎದ್ದು ಮೆಸ್ಸಿಗೆ ಹೋದ್ರು. “ಆರ್ಟ್ ಸಿನಿಮಾ ಅಂದ್ರೆ ಇಷ್ಟೇ ಗುರು, ಕತ್ತಲೆ, ಮೌನ” ಅಂದ ಒಬ್ಬ. ಬಹಳ ವರ್ಷ ನಾನೂ ಅದನ್ನೇ ನಂಬಿಕೊಂಡಿದ್ದೆ.

ಈಗ ಯೋಚಿಸಿದರೆ, ಅವತ್ತು ನಾವು ಗಿರೀಶ್ ಕಾಸರವಳ್ಳಿಯವರ ಸಿನಿಮಾ ನೋಡಿರಲೇ ಇಲ್ಲ. ಅದರ ಕತೆ ಕೇಳಿಸಿಕೊಂಡಿದ್ವಿ, ಅಷ್ಟೇ.

ವಿಡಿಯೊ ಕಂಪ್ರೆಷನ್ ಬಗ್ಗೆ ಒಂದು ಮಾತು (ನಾಲ್ಕು ವರ್ಷ ಓದಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ). ಫೈಲ್ ಸೈಜ್ ಇಳಿಸುವಾಗ ಸಾಫ್ಟ್‌ವೇರ್ ನಮ್ಮ ಕಣ್ಣು ಅಷ್ಟಾಗಿ ಗಮನಿಸದ ವಿವರಗಳನ್ನು ಕೈಬಿಡುತ್ತಾ ಹೋಗುತ್ತೆ. ಮಬ್ಬು ಮೂಲೆ, ನೆರಳಿನೊಳಗಿನ ನೆರಳು ಎಲ್ಲ ಒಂದೇ ಕಪ್ಪಾಗಿ ಮುದ್ದೆಯಾಗುತ್ತವೆ. ಮುಖಕ್ಕೆ ಪೂರ್ತಿ ಲೈಟ್ ಬಿಟ್ಟು ತೆಗೆದ ಸಿನಿಮಾ ಇದನ್ನು ಹೇಗೋ ತಡೆದುಕೊಳ್ಳುತ್ತೆ. ‘ಘಟಶ್ರಾದ್ಧ’ದ ಕೈಲಿ ಅದಾಗಲ್ಲ.

ಯಾಕೆ ಅಂತ ಹೇಳ್ತೀನಿ. ಮಣಿಪಾಲದಲ್ಲಿ ಫಾರ್ಮಸಿ ಓದಿ, ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ್ದ ಹುಡುಗ ಮೂವತ್ತು ತುಂಬುವ ಮೊದಲೇ, 1977ರಲ್ಲಿ, ಮಾಡಿದ ಮೊದಲ ಚಿತ್ರ ಅದು. ಅನಂತಮೂರ್ತಿಯವರ ಕತೆ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ. ವೇದ ಕಲಿಯಲು ಬಂದ ನಾಣಿ ಅನ್ನೋ ಪುಟ್ಟ ಹುಡುಗ, ಗುರುವಿನ ವಿಧವೆ ಮಗಳು ಯಮುನಾ. ಆಕೆ ಗರ್ಭಿಣಿ. ಅಗ್ರಹಾರಕ್ಕೆ ಇದು ಗೊತ್ತಾಗುತ್ತೆ. ನಾಣಿಗೆ ಮಾತ್ರ ಏನು ನಡೀತಿದೆ ಅನ್ನೋದೇ ಸರಿಯಾಗಿ ಅರ್ಥ ಆಗಲ್ಲ. ಕ್ಯಾಮೆರಾ ಇರೋದು ಆ ಹುಡುಗನ ಪಕ್ಕ. ಅವನಿಗೆ ಎಷ್ಟು ಕಾಣುತ್ತೋ ನಮಗೂ ಅಷ್ಟೇ. ಅಂದರೆ ಅಲ್ಲಿನ ಕತ್ತಲು ಮೂಡ್ ಕಟ್ಟಲು ತಂದಿದ್ದಲ್ಲ, ದೊಡ್ಡವರು ಹುಡುಗನಿಂದ ಏನನ್ನು ಮುಚ್ಚಿಡ್ತಿದ್ದಾರೋ ಅದೇ ಆ ಕತ್ತಲು. ಅದರೊಳಗೆ ಮಸುಕಾಗಿ ಕಾಣಬೇಕಾದ ಒಂದು ಕೈ, ಒಂದು ಮುಖ ಕಾಣದೇ ಹೋದರೆ ಆ ಊರಲ್ಲಿ ಅಧಿಕಾರ ಹೇಗೆ ಓಡಾಡುತ್ತೆ ಅನ್ನೋದೂ ಕಾಣಲ್ಲ. ಕೊನೆಗೆ ಬದುಕಿರುವ ಮಗಳಿಗೇ ಶ್ರಾದ್ಧ ಮಾಡಿ ಮುಗಿಸುತ್ತಾರೆ. ಊರು ಬಿಟ್ಟು ಹೊರಟ ನಾಣಿ ತಲೆ ಬೋಳಿಸಿದ ಯಮುನಾಳನ್ನು ನೋಡ್ತಾನೆ. ಅವಳ ಪರವಾಗಿ ಒಂದು ಭಾಷಣ ಇಲ್ಲ. ಹುಡುಗ ನೋಡಿದ, ನಾವೂ ನೋಡಿದ್ವಿ.

ಇವತ್ತು ‘ಪೊಲಿಟಿಕಲ್ ಸಿನಿಮಾ’ ಅಂದ್ರೆ ನಾಯಕ ಕ್ಯಾಮೆರಾ ಕಡೆ ತಿರುಗಿ ಡೈಲಾಗ್ ಹೊಡೆಯೋದು, ನಾವು ಅದನ್ನು ರೀಲ್ಸ್ ಮಾಡೋದು ಅಂತಾಗಿದೆ. ನನಗೂ ಅಂಥದ್ದು ಇಷ್ಟವೇ, ಸುಳ್ಳು ಯಾಕೆ ಹೇಳಲಿ. ಆದರೆ ಕಾಸರವಳ್ಳಿಯವರಲ್ಲಿ ರಾಜಕೀಯ ಇರೋದು ಕ್ಯಾಮೆರಾ ಯಾರ ಪಕ್ಕ, ಎಷ್ಟು ದೂರದಲ್ಲಿ ನಿಂತಿದೆ ಅನ್ನೋದರಲ್ಲಿ. ‘ದ್ವೀಪ’ ನೋಡಿ. ನಾ. ಡಿಸೋಜ ಅವರ ಕಾದಂಬರಿ, ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗೋ ಊರು. ಬೇರೆ ಯಾರಾದರೂ ಆಗಿದ್ದರೆ ಒಬ್ಬ ಕೆಟ್ಟ ಅಧಿಕಾರಿಯನ್ನು ತಂದು ನಿಲ್ಲಿಸ್ತಿದ್ರು. ಇಲ್ಲಿ ನೀರು ಏರುತ್ತೆ. ಸರ್ಕಾರ ಅಂದ್ರೆ ಆ ನೀರೇ. ಸುತ್ತ ಕಣ್ಣು ತಂಪಾಗೋ ಮಲೆನಾಡಿನ ಹಸಿರು, ಮಳೆ. ಪ್ರವಾಸಿ ಪೋಸ್ಟರ್‌ಗೆ ಹಾಕುವಷ್ಟು ಚಂದ ಇರೋ ಅದೇ ಫ್ರೇಮು ನಿಧಾನಕ್ಕೆ ಉಸಿರು ಕಟ್ಟಿಸುತ್ತೆ. ಎಚ್.ಎಂ. ರಾಮಚಂದ್ರ ಅವರಿಗೆ ಇದಕ್ಕೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು. ಇನ್ನು ನಾಗಿ (ಸೌಂದರ್ಯ, ಚಿತ್ರದ ನಿರ್ಮಾಪಕಿಯೂ ಅವರೇ) ಇಡೀ ಮನೆಯನ್ನು ಉಳಿಸಿಕೊಂಡ ಮೇಲೆ ಗಂಡ ಅದನ್ನು ದೇವರ ದಯೆ ಅಂದುಬಿಡ್ತಾನಲ್ಲ, ಆಗ ಮುಳುಗಡೆ ಇನ್ನೊಂದು ಥರ ಅರ್ಥ ಆಗುತ್ತೆ.

‘ಗುಲಾಬಿ ಟಾಕೀಸ್’ನಲ್ಲಿ ವೈದೇಹಿಯವರ ಕತೆಯ ಟಾಕೀಸೇ ಮನೆಯೊಳಗೆ ಬಂದುಬಿಡುತ್ತೆ. ತೊಂಬತ್ತರ ದಶಕದ ಕೊನೆ, ಕರಾವಳಿಯ ಮೀನುಗಾರರ ಕೇರಿ, ಮುಸ್ಲಿಂ ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿವಿ. ಅದನ್ನು ನೋಡಲು ಕೇರಿಯ ಹೆಂಗಸರು ಸೇರುತ್ತಾರೆ. ಅಷ್ಟರಲ್ಲಿ ಕಾರ್ಗಿಲ್, ಊರಲ್ಲಿ ‘ನಮ್ಮವರು, ಅವರು’ ಅನ್ನೋ ಮಾತು ಶುರು. 2008ರ ಚಿತ್ರ. ವಾಟ್ಸಾಪ್ ಫಾರ್ವರ್ಡ್‌ಗಳ ಕಾಲದಲ್ಲಿ ಇದನ್ನು ನೋಡಿದವರಿಗೆ ವಿವರಣೆ ಬೇಕಾಗಲ್ಲ.

ಎಲ್ಲವೂ ನನಗೆ ಒಂದೇ ಸಮ ಇಷ್ಟ ಅಂತಲ್ಲ. ‘ಕೂರ್ಮಾವತಾರ’ದಲ್ಲಿ ಧಾರಾವಾಹಿಯ ಗಾಂಧಿ ಪಾತ್ರ ಮಾಡುವ ಗುಮಾಸ್ತನ ಐಡಿಯಾ ಅದ್ಭುತ. ಆದರೆ ಚಿತ್ರವೇ ಹೇಳಬಹುದಾದ್ದನ್ನು ಅಲ್ಲಲ್ಲಿ ಮಾತು ಹೇಳಿಬಿಡುತ್ತೆ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. ಅತ್ಯುತ್ತಮ ಚಿತ್ರಕ್ಕೆ ನಾಲ್ಕು ಸಲ ಸ್ವರ್ಣಕಮಲ ಪಡೆದ ನಿರ್ದೇಶಕ ಇವರು: ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಇದರಲ್ಲಿ ‘ಘಟಶ್ರಾದ್ಧ’ವನ್ನು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ ಮತ್ತು ನಮ್ಮಲ್ಲಿನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ರಿಸ್ಟೋರ್ ಮಾಡಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ನಾವೆಲ್ಲ ಹೆಮ್ಮೆಯಿಂದ ಪೋಸ್ಟ್ ಹಾಕಿದ್ವಿ. ಆದರೆ ಹೊರಗಿನವರು ಮುತುವರ್ಜಿ ವಹಿಸೋವರೆಗೆ ನಾವೇನು ಮಾಡ್ತಿದ್ವಿ?

2025ರ ರಾಜ್ಯ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಘೋಷಿಸಿದ್ರು. ಜೊತೆಗೆ ಸರ್ಕಾರದ್ದೇ ಒಟಿಟಿ. ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕೋ ಸುದ್ದಿಯ ಗದ್ದಲದಲ್ಲಿ ಭಂಡಾರದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ನನಗಿರೋ ಭಯ ಒಂದೇ. ಸಿಕ್ಕ ಸಿಕ್ಕ ಡಿವಿಡಿ, ಟಿವಿ ಕಾಪಿಗಳನ್ನು ಹಾರ್ಡ್‌ಡಿಸ್ಕಿಗೆ ತುಂಬಿಸಿ ‘ಡಿಜಿಟಲೀಕರಣ ಆಯ್ತು’ ಅಂತ ಫೈಲ್ ಮುಚ್ಚಿಬಿಡೋದು. ಮೂಲ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಹಕ್ಕು ಯಾರದ್ದು ಅನ್ನೋ ಪಟ್ಟಿ ಮೊದಲು ಆಗಬೇಕು. ಆಮೇಲೆ ಸ್ಕ್ಯಾನ್. ಸ್ಕ್ಯಾನ್ ಆದ ಮೇಲೆ ಗ್ರೇಡಿಂಗ್, ಅಂದರೆ ಯಾವ ನೆರಳು ಎಷ್ಟು ಕಪ್ಪಿರಬೇಕು ಅನ್ನೋ ತೀರ್ಮಾನ. ಮಷೀನ್‌ಗೆ ಅದು ಗೊತ್ತಿಲ್ಲ. ಮಾಡಿದವರೇ ಪಕ್ಕದಲ್ಲಿ ಕೂತು ಹೇಳಬೇಕು. ಎಸ್. ರಾಮಚಂದ್ರ 2011ರಲ್ಲೇ ತೀರಿಕೊಂಡ್ರು. ಕಾಸರವಳ್ಳಿಯವರಿಗೆ ಎಪ್ಪತ್ತು ದಾಟಿದೆ. ಈ ಕೆಲಸಕ್ಕೆ ಮುಂದಿನ ಬಜೆಟ್, ಅದರ ಮುಂದಿನ ಬಜೆಟ್ ಅಂತ ಕಾಯೋಕಾಗಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಮ್ಮ ಹಳೇ ಹಾಸ್ಟೆಲ್ ಗ್ರೂಪಲ್ಲಿ ಮೆಸೇಜ್ ಬಂತು: “ಇವರ ‘ಕರಿನಾಗರಗಳು’ ಕತೆ ಸಿನಿಮಾ ಆಗಿದೆಯಂತಲ್ಲ, ‘ಹಸೀನಾ’? ಒಳ್ಳೇ ಪ್ರಿಂಟ್ ಇದ್ರೆ ಲಿಂಕ್ ಕಳಿಸೋ.” ಕೇಳಿದವನು ಅವತ್ತು ಎದ್ದು ಮೆಸ್ಸಿಗೆ ಹೋದ ಮೂವರಲ್ಲಿ ಒಬ್ಬ. ಅರ್ಧ ದಿನ ಹುಡುಕಿದೆ. ಕೊನೆಗೆ, “ಸಿಕ್ಕಿದ್ದು ಇಷ್ಟೇ ಮಗಾ, ಪೂರ್ತಿ ನೋಡು” ಅಂತ ಬರೆದು ಒಂದು ಮಾಸಿದ ಕಾಪಿ ಕಳಿಸಿದೆ.