ತೋರಣಗಲ್ಲಿನಿಂದ ಲಾಸ್ ವೇಗಸ್‌ಗೆ ಟಿಕೇಟು ಯಾರ ಖರ್ಚಿನಲ್ಲಿ?

ಹೊಸಪೇಟೆ-ಹಂಪಿ ಬಸ್ಸಿನಲ್ಲಿ ಈಗ ಹೊಸ ಮಾತೊಂದು ಓಡಾಡುತ್ತಿದೆ. ಮಗ ಏನು ಮಾಡ್ತಾನೆ ಅಂತ ಕೇಳಿದರೆ ಮೊದಲೆಲ್ಲ ಐ.ಟಿ.ಐ., ಡಿಪ್ಲೊಮಾ, ಆಮೇಲೆ ಜಿಂದಾಲ್‌ನಲ್ಲಿ ಕೆಲಸ ಎಂಬ ಉತ್ತರ ಬರುತ್ತಿತ್ತು. ಸ್ವಲ್ಪ ಧೈರ್ಯಸ್ಥರು ದುಬೈ ಅನ್ನುತ್ತಿದ್ದರು. ಈಗ ಅನಂತಶಯನಗುಡಿ, ಮಲಪನಗುಡಿ, ಕಡ್ಡಿರಾಂಪುರದಲ್ಲಿ ಹತ್ತುವ ಹದಿನಾರು ಹದಿನೇಳರ ಹುಡುಗರು ಮೊಬೈಲು ಎತ್ತಿ ತೋರಿಸಿ, "ಆಟ ಆಡಿ ಫಾರಿನ್‌ನಾಗ ದುಡೀತೀನಿ" ಅನ್ನುತ್ತಾರೆ. ಒಬ್ಬನಿಗೆ ಫುಟ್‌ಬಾಲು, ಒಬ್ಬನಿಗೆ ಬಾಕ್ಸಿಂಗು. ಇನ್ನೊಬ್ಬ ಮೊನ್ನೆ ರಗ್ಬಿ ಅಂದ! ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಗೂಳಿಗಳ ಹಾಗೆ ನುಗ್ಗುವ ಆಟ ಸ್ವಾಮಿ. ನಮ್ಮ ಕಬಡ್ಡಿಗೆ ದೂರದ ಸೋದರಮಾವ ಅಂತ ಇಟ್ಟುಕೊಳ್ಳಿ.

ನಗಬೇಡಿ. ಹುಡುಗರು ಗಾಳಿಯಲ್ಲಿ ಗೋಪುರ ಕಟ್ಟುತ್ತಿಲ್ಲ. ಹೊಸಪೇಟೆಯಿಂದ ಬಳ್ಳಾರಿ ರಸ್ತೆಯಲ್ಲಿ 30 ಕಿಲೋಮೀಟರಿನ ಆಸುಪಾಸು ಹೋದರೆ, ಸಂಡೂರು ತಾಲ್ಲೂಕಿನ ತೋರಣಗಲ್ಲು. ಅಲ್ಲಿ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ 2018ರಲ್ಲಿ ಜಿಂದಾಲ್‌ನವರು ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ಸಂಸ್ಥೆ ತೆರೆದರು. ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್‌ಗೆ ಅಲ್ಲಿ ಊಟ, ವಸತಿ, ವೈದ್ಯರು, ತರಬೇತುದಾರರು ಎಲ್ಲಾ ಒಂದೇ ಕಾಂಪೌಂಡಿನೊಳಗೆ. ಜಾವೆಲಿನ್‌ನ ನೀರಜ್ ಚೋಪ್ರಾ 2019ರಲ್ಲಿ ಮೊಣಕೈ ಆಪರೇಷನ್ ಮಾಡಿಸಿಕೊಂಡ ಮೇಲೆ ಚೇತರಿಸಿಕೊಂಡದ್ದು ಇಲ್ಲೇ.

ಈ ಕಾಂಪೌಂಡಿನಿಂದಲೇ ಒಬ್ಬ ಹುಡುಗ ಲಾಸ್ ವೇಗಸ್‌ಗೆ ಹೋದ. ಹೆಸರು ನಿಶಾಂತ್ ದೇವ್. ಊರು ಹರಿಯಾಣದ ಕರ್ನಾಲ್. 2021ರ ಸೆಪ್ಟೆಂಬರಿನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಪಂದ್ಯಾವಳಿ ಇದೇ ಸಂಸ್ಥೆಯಲ್ಲಿ ನಡೆದಾಗ ಕರ್ನಾಟಕದ ಹೆಸರಿನಲ್ಲಿ ಕಣಕ್ಕಿಳಿದು 71 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದ. 2023ರಲ್ಲಿ ತಾಷ್ಕೆಂಟ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೋದ ಮಾರ್ಕೊ ವೆರ್ಡೆಗೆ ಸೋತ. ಇನ್ನೊಂದು ಪಂದ್ಯ ಗೆದ್ದಿದ್ದರೆ ಪದಕ ಖಾತ್ರಿ ಇತ್ತು. ನಾಲ್ಕು ವರ್ಷ ಮತ್ತೆ ಕಾಯುವ ಬದಲು ಇಂಗ್ಲೆಂಡಿನ ಮ್ಯಾಚ್‌ರೂಮ್ ಎಂಬ ದೊಡ್ಡ ಪ್ರಮೋಟರ್ ಕಂಪನಿಗೆ ಸಹಿ ಹಾಕಿದ. 2025ರ ಜನವರಿ 25ರಂದು ಲಾಸ್ ವೇಗಸ್‌ನಲ್ಲಿ ಮೊದಲ ವೃತ್ತಿಪರ ಪಂದ್ಯ. ಎದುರಾಳಿ ಆಲ್ಟನ್ ವಿಗಿನ್ಸ್‌ನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ. ಆಗ ಅವನಿಗೆ 24 ವರ್ಷ.

ಮೊಬೈಲಿನಲ್ಲಿ ಹುಡುಗರು ನೋಡುವುದು ಈ ಕೊನೆಯ ಮೂರು ನಿಮಿಷವನ್ನು. ಅದರ ಹಿಂದಿನ ಲೆಕ್ಕದ ಪುಸ್ತಕವನ್ನು ಅಂಗಡಿ ಇಟ್ಟವರು ನೀವು ಬಿಚ್ಚಿ ನೋಡಬೇಕು.

ಮೊದಲನೇ ಲೆಕ್ಕ ವಯಸ್ಸಿನದು. ಈ ಹುಡುಗ ಬಾಕ್ಸಿಂಗಿಗೆ ಇಳಿದದ್ದು ಹನ್ನೆರಡರ ಆಸುಪಾಸಿನಲ್ಲಿ. ಪರದೇಶಕ್ಕೆ ಸಹಿ ಹಾಕುವ ಹೊತ್ತಿಗೆ ರಾಷ್ಟ್ರೀಯ ಚಿನ್ನ, ಒಂದು ವಿಶ್ವ ಕಂಚು, ಒಂದು ಒಲಿಂಪಿಕ್ಸ್ ಕೈಯಲ್ಲಿತ್ತು. ಅಂದರೆ ಅವನು ಕೆಲಸ ಕೇಳಿಕೊಂಡು ಹೋಗಲಿಲ್ಲ, ಕಂಪನಿ ಅವನನ್ನು ಕೇಳಿಕೊಂಡು ಬಂತು. ಈ ಎರಡರ ನಡುವೆ ಆಕಾಶ-ಪಾತಾಳ ವ್ಯತ್ಯಾಸ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಬುಟ್ಟಿ ಹೊತ್ತು ಗಿರಾಕಿಯನ್ನು ಹುಡುಕುವವನಿಗೂ, ತೋಟಕ್ಕೇ ಲಾರಿ ತರಿಸಿಕೊಳ್ಳುವವನಿಗೂ ಸಿಗುವ ರೇಟು ಒಂದೇನಾ?

ಎರಡನೆಯದು ಗಾಯದ್ದು. 2022ರಲ್ಲಿ ಇವನ ಹೆಗಲಿಗೆ ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ಆಟ ಇಲ್ಲ. ಬೆನ್ನಿಗೆ ಸಂಸ್ಥೆ ಇತ್ತು, ಎದ್ದು ಬಂದ. ಸಂಸ್ಥೆ ಇಲ್ಲದ ಹುಡುಗನಿಗೆ ಅದೇ ಹೆಗಲು ಲಂಡನ್ನಿನಲ್ಲೋ ಮೆಲ್ಬರ್ನ್‌ನಲ್ಲೋ ಜಾರಿದರೆ? ಆಸ್ಪತ್ರೆ ಬಿಲ್ಲು ಪೌಂಡಿನಲ್ಲೋ ಡಾಲರಿನಲ್ಲೋ ಬರುತ್ತದೆ, ತೀರಿಸುವುದು ಮಲಪನಗುಡಿಯ ಎರಡೆಕರೆಯಿಂದ.

ಮೂರನೆಯದು ಪಾಲಿನ ಲೆಕ್ಕ. ಇದನ್ನು ವ್ಯಾಪಾರಸ್ಥರಿಗೆ ಬೇಗ ತಿಳಿಸಬಹುದು. ವೃತ್ತಿಪರ ಬಾಕ್ಸಿಂಗಿನಲ್ಲಿ ಪಂದ್ಯಕ್ಕೆ ಇಷ್ಟು ಅಂತ ಹಣ ಗೊತ್ತಾಗುತ್ತದೆ. ಅದರಲ್ಲಿ ಮ್ಯಾನೇಜರನಿಗೆ ಮೂರನೇ ಒಂದು ಪಾಲಿನ ತನಕ ಹೋಗುವುದುಂಟು, ತರಬೇತುದಾರನಿಗೆ ಸುಮಾರು ಹತ್ತನೇ ಒಂದು. ಮೇಲೆ ತೆರಿಗೆ, ಊಟ, ರೂಮು. ಹೊಸಬರಿಗೆ ನಾಲ್ಕು ಸುತ್ತಿನ, ಆರು ಸುತ್ತಿನ ಸಣ್ಣ ಪಂದ್ಯಗಳು. ಹನ್ನೆರಡು ಸುತ್ತಿನ ದೊಡ್ಡ ಪಂದ್ಯಕ್ಕೆ ಬರುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ. ಪ್ರಮೋಟರುಗಳ ಕೈಚಳಕ ಎಷ್ಟರಮಟ್ಟಿಗೆ ಬೆಳೆದಿತ್ತೆಂದರೆ, ಅಮೆರಿಕದವರೇ 2000ದಲ್ಲಿ ಮುಹಮ್ಮದ್ ಅಲಿಯ ಹೆಸರಿನಲ್ಲಿ ಒಂದು ಕಾಯಿದೆ ಮಾಡಿ, ಪಂದ್ಯದಿಂದ ತಾನು ಎಷ್ಟು ಪಡೆಯುತ್ತೇನೆ ಅಂತ ಪ್ರಮೋಟರು ಬಾಕ್ಸರನಿಗೆ ತಿಳಿಸಬೇಕು ಅಂತ ಕಟ್ಟು ಹಾಕಬೇಕಾಯಿತು. ಅಲ್ಲಿನವರಿಗೇ ಕಾಯಿದೆ ಬೇಕಾಯಿತು ಅಂದಮೇಲೆ ಇಂಗ್ಲಿಷ್ ಕರಾರು ಓದಲಾರದ ನಮ್ಮ ಹುಡುಗನ ಗತಿ ಏನು?

ಹಿಂದೆ ಹೋದವರನ್ನೂ ನೋಡೋಣ. 2008ರ ಬೀಜಿಂಗ್ ಕಂಚಿನ ವಿಜೇಂದರ್ ಸಿಂಗ್ 2015ರಲ್ಲಿ ಮ್ಯಾಂಚೆಸ್ಟರಿಗೆ ಹೋದಾಗ ಹರಿಯಾಣ ಪೊಲೀಸಿನಲ್ಲಿ ಡಿ.ಎಸ್.ಪಿ. ಸತತ ಹನ್ನೆರಡು ಗೆದ್ದ, 2021ರ ಮಾರ್ಚಿನಲ್ಲಿ ಗೋವಾದಲ್ಲಿ ಹಡಗಿನ ಮೇಲೆ ನಡೆದ ಪಂದ್ಯದಲ್ಲಿ ಮೊದಲ ಸೋಲು ಕಂಡ. ಅವನಿಗೆ ಹಿಂದೆ ಗೋಡೆ ಇತ್ತು, ಒರಗಿಕೊಂಡ. ಬ್ಯಾಸ್ಕೆಟ್‌ಬಾಲಿನ ಸತ್ನಾಮ್ ಸಿಂಗ್ ಕಥೆ ಬೇರೆ. ಪಂಜಾಬಿನ ಹಳ್ಳಿಯ ಹುಡುಗ, ಏಳಡಿ ಎತ್ತರ, 2010ರಲ್ಲಿ ಹದಿನಾಲ್ಕನೇ ವಯಸ್ಸಿಗೇ ಅಮೆರಿಕದ ಫ್ಲಾರಿಡಾದ ಅಕಾಡೆಮಿಗೆ ಒಯ್ದರು. 2015ರಲ್ಲಿ ಎನ್.ಬಿ.ಎ. ಡ್ರಾಫ್ಟಿನಲ್ಲಿ ಡಲ್ಲಾಸ್ ತಂಡ ಆರಿಸಿತು, ಇಡೀ ದೇಶ ಕುಣಿಯಿತು. ಆದರೆ ಎನ್.ಬಿ.ಎ.ಯ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷ ನಿಷೇಧ. ಈಗ ಅಮೆರಿಕದ ಟಿ.ವಿ. ಕುಸ್ತಿಯಲ್ಲಿ ಹೊಟ್ಟೆಪಾಡು. ಆರಿಸುವುದು ಬೇರೆ, ಆಡಿಸುವುದು ಬೇರೆ.

ನಮ್ಮ ಕರ್ನಾಟಕದವರೂ ಹೊರಗೆ ಆಡಿ ದುಡಿದಿದ್ದಾರೆ ಅನ್ನುವವರಿದ್ದಾರೆ. ಹೌದು. 1995ರಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಷೈರ್ ಕೌಂಟಿಗೆ ಆಡಿ 105 ವಿಕೆಟ್ ಕಿತ್ತರು. ಅದೇ ವರ್ಷ ಮೈಸೂರಿನ ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಷೈರ್‌ಗೆ 87. ಆದರೆ ಇಬ್ಬರೂ ಆಗಲೇ ಭಾರತ ತಂಡದವರು, ಜೊತೆಗೆ ಇಬ್ಬರ ಕೈಯಲ್ಲೂ ಇಂಜಿನಿಯರಿಂಗ್ ಡಿಗ್ರಿ. ಚೆಂಡು ತಿರುಗದಿದ್ದರೂ ಸಂಸಾರ ತಿರುಗುತ್ತಿತ್ತು. ಈ ಉದಾಹರಣೆ ಕೊಡುವ ಹುಡುಗರು ಡಿಗ್ರಿಯ ಮಾತನ್ನು ಮಾತ್ರ ನುಂಗಿಬಿಡುತ್ತಾರೆ.

ಇನ್ನು ರಗ್ಬಿ. ಈ ಆಟ ನಮ್ಮ ದೇಶಕ್ಕೆ ತೀರಾ ಹೊಸದೇನೂ ಅಲ್ಲ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತೆಯಲ್ಲಿ ಬಿಳಿಯರು ಆಡಿದ್ದರು. ಮುಂದೆ ಅಲ್ಲಿನ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಇಂಗ್ಲೆಂಡು, ಸ್ಕಾಟ್‌ಲೆಂಡು ಇವತ್ತಿಗೂ ಆ ಕಪ್ಪಿಗೆ ಹೊಡೆದಾಡುತ್ತವೆ. ನಮ್ಮ ರೂಪಾಯಿ, ಅವರ ಕಪ್ಪು! 2025ರ ಜೂನಿನಲ್ಲಿ ಮುಂಬೈಯಲ್ಲಿ ಆರು ತಂಡಗಳ ರಗ್ಬಿ ಪ್ರೀಮಿಯರ್ ಲೀಗ್ ಮೊದಲ ಸಲ ನಡೆಯಿತು, ಅದರಲ್ಲಿ ಬೆಂಗಳೂರಿನ ಹೆಸರಿನದೂ ಒಂದು ತಂಡ. ಹುಡುಗನ ತಲೆಗೆ ಹುಳ ಬಿಟ್ಟದ್ದು ಬಹುಶಃ ಅದೇ.

ರಗ್ಬಿ ಆಡಿ ಪರದೇಶದಲ್ಲಿ ದುಡಿಯುವುದು ಅಂದರೇನು ಅಂತ ತಿಳಿಯಬೇಕಾದರೆ ಫಿಜಿ ದ್ವೀಪಗಳನ್ನು ನೋಡಬೇಕು. ನಮ್ಮ ದೇಶದ ಕೂಲಿಗಳನ್ನು 1879ರಿಂದ ಹಡಗಿನಲ್ಲಿ ತುಂಬಿ ಕಬ್ಬಿನ ಗದ್ದೆಗೆ ಒಯ್ದ ಅದೇ ಫಿಜಿ. ಜನಸಂಖ್ಯೆ ಒಂಬತ್ತು ಲಕ್ಷದ ಸುಮಾರು. ಹಳೆಯ ಬಳ್ಳಾರಿ ಜಿಲ್ಲೆಯ ಅರ್ಧವೂ ಇಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ರಗ್ಬಿ ಚಿನ್ನ ಗೆದ್ದರು, ಫೈನಲ್ಲಿನಲ್ಲಿ ಬ್ರಿಟನ್ನಿಗೆ 43-7ರ ಏಟು. ಖುಷಿಗೆ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿದರು! ಟೋಕಿಯೋದಲ್ಲೂ ಚಿನ್ನ.

1995ರಲ್ಲಿ ರಗ್ಬಿ ಯೂನಿಯನ್ ಆಟ ಅಧಿಕೃತವಾಗಿ ದುಡ್ಡಿನ ಆಟವಾಯಿತು. ಅಂದಿನಿಂದ ಫಿಜಿ, ಟೋಂಗಾ, ಸಮೋವಾದ ಗಟ್ಟಿಮುಟ್ಟಾದ ಹುಡುಗರನ್ನು ಫ್ರಾನ್ಸು, ಜಪಾನು, ನ್ಯೂಜಿಲೆಂಡಿನ ಕ್ಲಬ್ಬುಗಳು ಆರಿಸಿ ಒಯ್ಯುತ್ತಿವೆ. ಮನೆಗೆ ದುಡ್ಡು ಬರುತ್ತದೆ, ಮನೆ ಏಳುತ್ತದೆ, ಇದು ಸುಳ್ಳಲ್ಲ. ಆದರೆ ಅಷ್ಟು ಚಿಕ್ಕವರನ್ನೇ ಏಕೆ ಒಯ್ಯುತ್ತಾರೆ ಅನ್ನುವುದರಲ್ಲಿ ಗುಟ್ಟಿದೆ. ಫ್ರಾನ್ಸಿನ ಲೀಗ್‌ನಲ್ಲಿ ಪ್ರತಿ ತಂಡದಲ್ಲೂ ಇಷ್ಟು ಜನ ಅಲ್ಲೇ ತಯಾರಾದವರಿರಬೇಕು ಎಂಬ ನಿಯಮ. ಇಪ್ಪತ್ತೊಂದು ತುಂಬುವುದರೊಳಗೆ ಮೂರು ಸೀಸನ್ ಅವರ ತರಬೇತಿ ಕೇಂದ್ರದಲ್ಲಿದ್ದವನನ್ನು, ಎಲ್ಲೇ ಹುಟ್ಟಿರಲಿ, ಆ ಲೆಕ್ಕಕ್ಕೆ ಹಿಡಿಯಬಹುದು. ಹದಿನೇಳರ ಫಿಜಿ ಹುಡುಗ ಕ್ಲಬ್ಬಿಗೆ ಎರಡು ಪಟ್ಟು ಲಾಭ: ಸಂಬಳ ಕಡಿಮೆ, ನಿಯಮಕ್ಕೂ ಬಾಧೆ ಇಲ್ಲ. ಮೂರು ವರ್ಷವಾದ ಮೇಲೆ ಬೇಡ ಅಂದರೆ ಆ ಹುಡುಗನಿಗೆ ಭಾಷೆಯೂ ಇಲ್ಲ, ಓದೂ ಇಲ್ಲ, ಬರಿಗೈಯಲ್ಲಿ ಊರಿಗೆ ಮರಳಲು ಮುಖವೂ ಇಲ್ಲ. ರಗ್ಬಿಯನ್ನೇ ಉಸಿರಾಡುವ ದೇಶದ ಮಕ್ಕಳ ಪಾಡು ಇದು. ರಗ್ಬಿ ಮೈದಾನವನ್ನೇ ಕಾಣದ ನಮ್ಮ ಹುಡುಗನನ್ನು "ನ್ಯೂಜಿಲೆಂಡ್ ಟ್ರಯಲ್‌ಗೆ ಕಳಿಸ್ತೀವಿ, ಎರಡು ಲಕ್ಷ ಕಟ್ಟಿ" ಅಂತ ಯಾರಾದರೂ ಕರೆದರೆ, ಅದು ಆಟವೋ ಪಾಕೀಟು ಹೊಡೆಯುವುದೋ ನೀವೇ ಹೇಳಿ.

ಫುಟ್‌ಬಾಲಿನವರಿಗೂ ಒಂದು ಮಾತು. ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗ ಮಾಡುವ ಹಾಗಿಲ್ಲ ಅಂತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮವಿದೆ. ತಂದೆ-ತಾಯಿ ಬೇರೆ ಕಾರಣಕ್ಕೆ ಆ ದೇಶದಲ್ಲಿ ನೆಲೆಸಿದ್ದರೆ, ಹೀಗೆ ಕೆಲವೇ ವಿನಾಯಿತಿ. ಆದ್ದರಿಂದ ಹದಿನೈದರ ಹುಡುಗನಿಗೆ ಸ್ಪೇನಿನ ಕ್ಲಬ್ಬಿನಲ್ಲಿ ಜಾಗ ಕೊಡಿಸುತ್ತೇನೆ ಅನ್ನುವವನು ನಿಯಮ ಗೊತ್ತಿಲ್ಲದವನು, ಇಲ್ಲಾ ಗೊತ್ತಿದ್ದೇ ಟೋಪಿ ಹಾಕುವವನು.

ಇದನ್ನೆಲ್ಲಾ ಹೇಳಿದಾಗ ಮಾರ್ಕೆಟ್ಟಿನ ಕಿರಾಣಿ ಯಜಮಾನ್ರೊಬ್ಬರು ಕೇಳಿದರು: "ಹಂಗಾದ್ರ ನಮ್ಮ ಹುಡುಗ್ರು ಅಂಗಡಿ ಗಲ್ಲಾದಾಗೇ ಕುಂದ್ರಬೇಕೇನ್ರಿ?" ಒಳ್ಳೆಯ ಪ್ರಶ್ನೆ. ಹಾಗಲ್ಲ ಕಾಕಾ. ಅದಿರಿನ ಕಾಲ ನೆನಪು ಮಾಡಿಕೊಳ್ಳಿ. ದಿನಕ್ಕೆ ಇಷ್ಟು ಟ್ರಿಪ್ಪು, ಟ್ರಿಪ್ಪಿಗೆ ಇಷ್ಟು ದುಡ್ಡು ಅಂತ ಸಂಡೂರು, ಹೊಸಪೇಟೆ ಸುತ್ತ ಎಷ್ಟು ಮಂದಿ ಸಾಲ ಮಾಡಿ ಲಾರಿ ಇಳಿಸಿದರು? 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಗಣಿ ಧಣಿಗಳಲ್ಲಿ ಕೆಲವರು ಜೈಲಿಗೆ ಹೋದರು, ಲಾರಿ ಧಣಿಗಳು ಕಂತು ಕಟ್ಟಲಾರದೆ ಮೂಲೆ ಸೇರಿದರು. ಲಾರಿಯದು ತಪ್ಪಿರಲಿಲ್ಲ, ಸಾಲದ ಮೇಲೆ ಕನಸು ಕಟ್ಟಿದ್ದರಲ್ಲಿತ್ತು. ಮಗನ ಮೈಕಟ್ಟನ್ನೂ ಹಾಗೆಯೇ ಅಡವಿಡಬೇಡಿ ಅನ್ನುವುದಷ್ಟೇ ನನ್ನ ತಕರಾರು.

ದಾರಿ ಇದೆ, ಅದೂ ಹತ್ತಿರದಲ್ಲೇ ಇದೆ. ತೋರಣಗಲ್ಲಿನ ಸಂಸ್ಥೆಗೆ ಟ್ರಯಲ್ಸ್ ಮೂಲಕ ಆಯ್ಕೆ. ಹರಿಯಾಣ, ಮಣಿಪುರದ ಮಕ್ಕಳು ಸಾವಿರಾರು ಕಿಲೋಮೀಟರು ದೂರದಿಂದ ಬಂದು ಅಲ್ಲಿ ಸೇರಿಕೊಳ್ಳುತ್ತಾರೆ. ನಮ್ಮವರು ಬಳ್ಳಾರಿ ಬಸ್ಸಿನಲ್ಲಿ ಕೂತು ಕಿಟಕಿಯಿಂದ ಕಾರ್ಖಾನೆಯ ಚಿಮಣಿ ನೋಡಿ ಮುಂದೆ ಹೋಗುತ್ತಾರೆ. ಕರ್ನಾಲದ ಹುಡುಗ ಕರ್ನಾಟಕಕ್ಕೆ ಚಿನ್ನ ತಂದ, ಸಂತೋಷ. ಕಂಪ್ಲಿಯ ಹುಡುಗ ಏಕೆ ತರಲಿಲ್ಲ ಅಂತ ಯಾವ ಶಾಸಕರಾದರೂ ಕೇಳಿದ್ದಾರಾ? ನಮ್ಮ ನೆಲದ ಅದಿರು, ನಮ್ಮ ತುಂಗಭದ್ರೆಯ ನೀರು, ನಮ್ಮ ರಸ್ತೆಯ ಧೂಳು. ಆಯ್ಕೆಯಲ್ಲಿ ಸುತ್ತಲಿನ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಂದು ಪ್ರತ್ಯೇಕ ಟ್ರಯಲ್ಸ್ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಎರಡೂ ಜಿಲ್ಲಾ ಪಂಚಾಯಿತಿಗಳ ಸಭೆಯಲ್ಲಿ ಈ ಮಾತು ಬರಬೇಕು. ಜಿಲ್ಲೆ ಎರಡಾದದ್ದು 2021ರಲ್ಲಿ, ಸಂಡೂರು ಬಳ್ಳಾರಿಗೆ ಉಳಿಯಿತು, ಹೊಸಪೇಟೆ ವಿಜಯನಗರಕ್ಕೆ ಬಂತು. ಈ ಗಡಿಯ ನೆಪ ಹೇಳಿ ಜಾರಿಕೊಳ್ಳುವ ಸಾಹೇಬರಿದ್ದಾರೆ, ಅವರನ್ನು ಬಿಡಬಾರದು.

ಅಷ್ಟರವರೆಗೆ ಮನೆಗೆ ಬರುವ ಏಜೆಂಟನಿಗೆ ಕೇಳಬೇಕಾದ್ದು ಇಷ್ಟು. ವಿದೇಶದ ಕೆಲಸಕ್ಕೆ ಜನ ಕಳಿಸುವವರು 1983ರ ಎಮಿಗ್ರೇಷನ್ ಕಾಯಿದೆಯಡಿ ನೋಂದಾಯಿಸಿಕೊಂಡಿರಬೇಕಾಗಿ ಬಂದಿದೆ, ಆ ನಂಬರು ತೋರಿಸಪ್ಪಾ ಅನ್ನಿ. ಯಾವ ಕ್ಲಬ್ಬು, ಯಾವ ವೀಸಾ, ಟೂರಿಸ್ಟ್ ವೀಸಾನಾ ಆಟಗಾರರದಾ, ಗಾಯವಾದರೆ ವಿಮೆ ಯಾರದು, ವಾಪಸ್ ಟಿಕೇಟು ಯಾರದು, ಕರಾರು ಮುರಿಯಬೇಕಾದರೆ ಯಾರ ಕೋರ್ಟು. ಕರಾರಿನ ಪ್ರತಿಯನ್ನು ಸಹಿಗೆ ಮೊದಲೇ ಕೊಡು, ಹೊಸಪೇಟೆ ಕೋರ್ಟಿನ ವಕೀಲರಿಗೆ ಒಂದು ವಾರ ತೋರಿಸುತ್ತೇವೆ ಅನ್ನಿ. ನಿಜವಾದ ಕ್ಲಬ್ಬು ಒಂದು ವಾರ ಕಾಯುತ್ತದೆ. "ಇವತ್ತೇ ಕೊನೇ ದಿನ, ಅಡ್ವಾನ್ಸ್ ಕಟ್ಟಿಬಿಡಿ" ಅಂದವನನ್ನು ಚಹಾ ಕುಡಿಸಿ ಬಸ್ಸು ಹತ್ತಿಸಿ.